ಚನ್ನವ್ವನ ಹೇಳಿಕೆ

ನೇಸರಗಿ
೩ ಜೂನ್ ೨೦೨೪

ವಕೀಲ ಕಲ್ಮೇಶ ಅವರಿಗೆ ನಮಸ್ಕಾರಗಳು.

ಮೇ ತಿಂಗಳ ಎರಡನೆಯ ವಾರ ಜರ್ಮನಿಯಿಂದ ಮುಂಬೈಗೆ ಬಂದ ನಮ್ಮ ಪುಡಿಯ ಡಬ್ಬಿಗಳನ್ನು ಕಸ್ಟಮ್ಸ್ ಇಲಾಖೆಯವರು ತಡೆಹಿಡಿದಿದ್ದಾರೆ. ಇಷ್ಟು ವರ್ಷ ಔಷಧದ ವರ್ಗದಲ್ಲಿ ಬಿಡುತ್ತಿದ್ದ ಮಾಲನ್ನು ಈ ಸಲ ಆಹಾರ ಪದಾರ್ಥದ ವರ್ಗಕ್ಕೆ ಹಾಕಿದ್ದಾರೆ. ಆಹಾರವೆಂದಾದರೆ ಸುಂಕ ಹೆಚ್ಚುವುದಷ್ಟೇ ಅಲ್ಲ. ಡಬ್ಬಿಯ ಮೇಲಿನ ಬರಹ, ಪರೀಕ್ಷೆ, ಪರವಾನಗಿ ಎಲ್ಲವೂ ಬೇರೆ. ಅವು ಇಲ್ಲದ ಮಾಲನ್ನು ವಾಪಸು ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು ಎಂದು ಆದೇಶದಲ್ಲಿದೆ. ಆದೇಶದ ಪ್ರತಿ ಮತ್ತು ಸಹಿ ಮಾಡಿದ ವಕಾಲತ್ತು ಇದರೊಂದಿಗೆ ಇವೆ.

ಈ ಪುಡಿ ತರಿಸುವವರು ನಾವು ಕೆಲವೇ ಮನೆಯವರು: ಇಲ್ಲಿ ನಾವು, ಕಿತ್ತೂರಿನಲ್ಲಿ ಒಬ್ಬರು, ಸವದತ್ತಿಯಲ್ಲಿ ಇಬ್ಬರು, ರಾಮದುರ್ಗದಲ್ಲಿ ನಿಮ್ಮ ಸೋದರತ್ತೆಯ ಮಗಳು ಭಾಗೀರಥಿ. ನಿಮ್ಮ ವಿಳಾಸ ಕೊಟ್ಟವಳು ಅವಳೇ. ನಮ್ಮೆಲ್ಲರ ಮನೆಗಳಲ್ಲಿ ಒಂದೊಂದು ಮಗುವಿಗೆ ಹುಟ್ಟಿನಿಂದಲೇ ಒಂದು ಕೊರತೆ ಇದೆ. ಹಾಲು, ಬೇಳೆ, ಜೋಳ, ಗೋಧಿಯಲ್ಲಿರುವ ಒಂದು ಅಂಶವನ್ನು ಅದರ ಮೈ ಅರಗಿಸಲಾರದು. ಅರಗದೆ ಉಳಿದದ್ದು ರಕ್ತದಲ್ಲಿ ಸೇರಿ ಮಿದುಳಿಗೆ ಹೋಗುತ್ತದೆ. ಆ ಒಂದು ಅಂಶವನ್ನು ಬಿಟ್ಟು ಉಳಿದ ಪೋಷಣೆಯನ್ನೆಲ್ಲ ಇಟ್ಟು ಮಾಡಿದ ಪುಡಿ ಇದು. ಇದನ್ನು ಕುಡಿದರೆ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ಕುಡಿಯದಿದ್ದರೆ ಮೊದಲು ಕಲಿತದ್ದನ್ನು ಮರೆಯುತ್ತದೆ, ಆಮೇಲೆ ಕಲಿಯುವುದನ್ನೇ ಮರೆಯುತ್ತದೆ. ಈ ದೇಶದಲ್ಲಿ ನಮಗೆ ಬೇರೆ ಕಡೆ ಇದು ಸಿಕ್ಕಿಲ್ಲ.

ನನ್ನ ಮಗಳು ಮಧುವಿಗೆ ಎಂಟು ವರ್ಷ. ಈಗ ಚೆನ್ನಾಗಿದ್ದಾಳೆ. ಮನೆಯಲ್ಲಿ ಉಳಿದಿರುವ ಪುಡಿ, ನಾವು ಒಬ್ಬರಿಗೊಬ್ಬರು ಹಂಚಿಕೊಂಡರೆ, ಮಳೆಗಾಲ ಮುಗಿಯುವವರೆಗೆ ಬರಬಹುದು.

ಒಂದು ವಿನಂತಿ. ದಯವಿಟ್ಟು ಫೋನ್ ಮಾಡಬೇಡಿ, ಬರೆಯಿರಿ. ನಮ್ಮದು ಅಂಗಡಿಯ ಹಿಂದಿನ ಮನೆ. ಒಂದು ಕೋಣೆಯಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಕೇಳುತ್ತದೆ. ತನಗೆ ಜಡ್ಡು ಇದೆ ಎಂದು ಮಧುವಿಗೆ ತಿಳಿದಿಲ್ಲ. ತಿಳಿಯದ ಹಾಗೆ ನಾವು ಬೆಳೆಸಿದ್ದೇವೆ. ಬೀಜ ಗೊಬ್ಬರದ ಅಂಗಡಿಯ ವಿಳಾಸಕ್ಕೆ ಬರೆದರೆ ನನ್ನ ಯಜಮಾನರು ಸುಭಾಸ ತಂದುಕೊಡುತ್ತಾರೆ.

ಅನ್ನಪೂರ್ಣಾ


ಮುಂಬೈ
೧೨ ಜೂನ್ ೨೦೨೪

ಶ್ರೀಮತಿ ಅನ್ನಪೂರ್ಣಾ ಅವರಿಗೆ,

ಕಾಗದ ತಲುಪಿತು. ನಾನು ಕನ್ನಡದಲ್ಲಿ ಕಾಗದ ಬರೆಯುವುದು ಸುರೇಬಾನದಲ್ಲಿರುವ ನನ್ನ ತಾಯಿಗೆ ಮಾತ್ರ, ತಪ್ಪುಗಳಿದ್ದರೆ ಮನ್ನಿಸಿ.

ಇಲಾಖೆಯೊಳಗೇ ಮೇಲ್ಮನವಿ ಹೋಗುವ ದಾರಿ ಇದೆ, ಆದರೆ ಅದು ವರ್ಷಗಳ ದಾರಿ. ಅಷ್ಟರಲ್ಲಿ ಡಬ್ಬಿಗಳ ಅವಧಿ ಮುಗಿದುಹೋಗುತ್ತದೆ. ಆದ್ದರಿಂದ ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ನನ್ನ ಹಿರಿಯರು ವಾದಿಸಲು ಒಪ್ಪಿದ್ದಾರೆ. ಇಂಥ ವಿಷಯದಲ್ಲಿ ಅವರ ಮಾತನ್ನು ನ್ಯಾಯಾಧೀಶರು ಗಮನವಿಟ್ಟು ಕೇಳುತ್ತಾರೆ. ಮಾಲನ್ನು ನಾಶ ಮಾಡಬಾರದು ಎಂಬ ತಡೆಯಾಜ್ಞೆ ಮೊದಲ ದಿನವೇ ಸಿಕ್ಕಿತು. ಬಿಡುಗಡೆಯ ಪ್ರಶ್ನೆಯನ್ನು ಇಲಾಖೆಯ ಉತ್ತರ ಬಂದ ಮೇಲೆ ನೋಡುತ್ತೇವೆ ಎಂದಿದ್ದಾರೆ.

ಒಂದು ವಸ್ತು ಸುಂಕದ ಯಾವ ವರ್ಗಕ್ಕೆ ಸೇರಬೇಕು ಎಂದು ತೀರ್ಮಾನಿಸುವಾಗ ನ್ಯಾಯಾಲಯ ಅದು ಏತರಿಂದ ಆಗಿದೆ ಎಂದು ನೋಡುತ್ತದೆ. ತಯಾರಿಸಿದವರು ಅದನ್ನು ಏನೆಂದು ಮಾರುತ್ತಾರೆ ಎಂದು ನೋಡುತ್ತದೆ. ಅದರ ಮೇಲೆ ಇನ್ನೊಂದು ಅಳತೆ ಇದೆ. ಅದನ್ನು ಬಳಸುವ ಜನ ದಿನನಿತ್ಯ ಅದನ್ನು ಏನೆಂದು ತಿಳಿಯುತ್ತಾರೆ? ಮೊದಲಿನವುಗಳ ಬಗ್ಗೆ ಇಲಾಖೆ ತಕರಾರು ಮಾಡಬಹುದು. ನೀರಿಗೆ ಕಲಸಿ ಕುಡಿಯುತ್ತಾರೆ, ಪೋಷಣೆಗೆ ಕುಡಿಯುತ್ತಾರೆ, ಆದ್ದರಿಂದ ಮಕ್ಕಳಿಗೆ ಕುಡಿಸುವ ಬೇರೆ ಪುಡಿಗಳಂತೆ ಇದೂ ಆಹಾರವೇ ಎನ್ನುವುದು ಅವರ ವಾದ. ಕೊನೆಯದರಲ್ಲಿ ಅವರಿಗೆ ಜಾಗವಿಲ್ಲ. ನಮ್ಮ ಬಲವಿರುವುದು ಅಲ್ಲಿ.

ಬಳಕೆಯನ್ನು ಪರಿಶೀಲಿಸಲು ಅಧಿಕಾರಿಗಳು ನಿಮ್ಮ ಮನೆಗಳಿಗೆ ಬರಬಹುದು. ಬಂದರೆ ಹೆದರಬೇಡಿ. ಯಾರಿಗೂ ಏನೂ ಕಲಿಸಬೇಡಿ, ಇದ್ದದ್ದನ್ನು ಇದ್ದಂತೆ ಹೇಳಲಿ. ಇಂಥ ಪುಡಿಯನ್ನು ಔಷಧ ಎನ್ನದೆ ಇನ್ನೇನೆಂದು ಕರೆದಾರು?

ಕಲ್ಮೇಶ


ನೇಸರಗಿ
೨೯ ಜೂನ್ ೨೦೨೪

ವಕೀಲರಿಗೆ ನಮಸ್ಕಾರಗಳು.

ಅಧಿಕಾರಿಗಳು ಬಂದು ಹೋದರು. ನೀವು ಹೇಳಿದಂತೆ ಯಾರಿಗೂ ಏನೂ ಕಲಿಸಿರಲಿಲ್ಲ.

ಒಬ್ಬರು ಮುಂಬೈಯವರು, ಮರಾಠಿ ಮಾತಾಡುವವರು. ಇನ್ನೊಬ್ಬರು ಹುಬ್ಬಳ್ಳಿಯ ಕಡೆಯವರು. ಸಂತೆಯ ದಿನವಾದ್ದರಿಂದ ಅಂಗಡಿಯಲ್ಲಿ ಗದ್ದಲ. ನಮ್ಮ ಯಜಮಾನರಿಗೆ ಒಳಗೆ ಬರಲು ಆಗಲಿಲ್ಲ. ನಾನು ಪುಡಿಯ ಡಬ್ಬಿ, ತೂಕದ ತಕ್ಕಡಿ, ವೈದ್ಯರ ಚೀಟಿ ಎಲ್ಲ ತೋರಿಸಿದೆ. ಅವಲಕ್ಕಿ, ಚಹ ಕೊಟ್ಟೆ. ಅವರು ಸಭ್ಯರಾಗಿಯೇ ಇದ್ದರು. ಮಧು ಸಾಲೆಯಿಂದ ಬರುವ ಹೊತ್ತಾಯಿತು. ಅವಳು ಕುಡಿಯುವುದನ್ನು ನೋಡಬಹುದೇ ಎಂದು ಕೇಳಿದರು. ಬೇಡವೆನ್ನಲು ಕಾರಣ ಕಾಣಲಿಲ್ಲ.

ಮಧುವಿಗೆ ಪುಡಿ ಕಲಸಿ ಕೊಡುವವರು ನನ್ನ ಅತ್ತೆ ಚನ್ನವ್ವ. ತೂಕ ನಾನು ಮಾಡಿಕೊಡುತ್ತೇನೆ. ಅವರು ಕಂಚಿನ ಬಟ್ಟಲಿನಲ್ಲಿ ಕಲಸಿ, ಅಂಗೈಯ ಮೇಲಿನ ಲಿಂಗದ ಮುಂದೆ ಎಡೆ ಹಿಡಿದು, ಆಮೇಲೆ ಮಧುವಿನ ಕೈಗೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ರೊಟ್ಟಿಗಾದರೂ ಸರಿ, ನುಚ್ಚಿಗಾದರೂ ಸರಿ, ಹಾಗೆಯೇ. ಎಡೆ ಹಿಡಿದದ್ದು ಪ್ರಸಾದ, ಬಟ್ಟಲಿನಲ್ಲಿ ಬಿಡುವಂತಿಲ್ಲ. ಮಧು ಕುಡಿದ ಮೇಲೆ ಬಟ್ಟಲಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಅದನ್ನೂ ಕುಡಿಯುತ್ತಾಳೆ. ಆ ಪುಡಿಯ ವಾಸನೆ ನಿಮಗೆ ಗೊತ್ತಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳ ಮೂಗು ಹಿಡಿದು ಕುಡಿಸುತ್ತಾರೆ. ಭಾಗೀರಥಿ ಬಂದಾಗಲೆಲ್ಲ ಇದನ್ನೇ ನೋಡುತ್ತ ಕೂತಿರುತ್ತಾಳೆ.

ಮುಂಬೈಯವರು ಅತ್ತೆಯನ್ನು ಏನೋ ಕೇಳಿದರು. ಈ ಔಷಧ ದಿನಕ್ಕೆ ಎಷ್ಟು ಸಲ ಎಂದಿರಬೇಕು. ಹುಬ್ಬಳ್ಳಿಯವರು ಕನ್ನಡದಲ್ಲಿ ಹೇಳಿದರು. ಅತ್ತೆಗೆ ಆ ಶಬ್ದ ಸೇರಲಿಲ್ಲ.

"ಔಷಧ ಅನಬ್ಯಾಡ್ರಿ ಸಾಹೇಬ್ರ," ಎಂದರು. "ನಿಮ್ಮನ್ಯಾಗ ಗುಳಿಗಿಗೆ ಎಡಿ ಹಿಡೀತಾರೇನು? ಔಷಧ ಅಂದ್ರ ಜಡ್ಡ ಇಳಿದ ದಿನ ಬಿಡತೈತ್ರಿ. ಇದು ನಮ್ಮ ಹುಡುಗಿ ಊಟ. ಊಟ ಯಾರರ ಬಿಡತಾರೇನ್ರಿ?"

ಇಬ್ಬರೂ ನಕ್ಕರು. ಮುಂಬೈಯವರು ತಮ್ಮ ತಾಯಿಯೂ ಹೀಗೆಯೇ ಗದರಿಸುತ್ತಾರೆ ಎಂದು ಹೇಳಿದರಂತೆ. ಅತ್ತೆ, "ಗದರಸಬೇಕ, ಇಲ್ಲಂದ್ರ ನೀವು ಇಷ್ಟ ಓದತಿದ್ದಿಲ್ಲ," ಎಂದರು. ಎಡೆ ಹಿಡಿಯುವಾಗಿನ ಫೋಟೋ ತೆಗೆದುಕೊಂಡರು. ಹೇಳಿದ್ದನ್ನೆಲ್ಲ ಬರೆದು ಓದಿ ತೋರಿಸಿದರು. ಅತ್ತೆ ತಾವೇ ಸಹಿ ಮಾಡಿದರು, ಅವರಿಗೆ ಬರೆಯಲು ಬರುತ್ತದೆ.

ಹೋಗುವಾಗ ಹುಬ್ಬಳ್ಳಿಯವರು ಮಧುವಿನ ತಲೆ ಸವರಿದರು. ನಮ್ಮ ಬಗ್ಗೆ ಒಳ್ಳೆಯದನ್ನೇ ಬರೆದುಕೊಂಡು ಹೋದರೆಂದು ನನಗೆ ಅನಿಸುತ್ತದೆ.

ಅನ್ನಪೂರ್ಣಾ


ಮುಂಬೈ
೧೧ ಜುಲೈ ೨೦೨೪

ಶ್ರೀಮತಿ ಅನ್ನಪೂರ್ಣಾ ಅವರಿಗೆ,

ಇಲಾಖೆಯ ಉತ್ತರ ಬಂದಿದೆ. ಅವರ ವಾದವೆಲ್ಲ ನಿಮ್ಮ ಅತ್ತೆಯ ಹೇಳಿಕೆಯ ಮೇಲೆ ನಿಂತಿದೆ. ಉಳಿದ ಮನೆಗಳವರೆಲ್ಲ ಔಷಧ ಎಂದಿದ್ದಾರೆ. ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ. ನಿಮ್ಮ ಅತ್ತೆಯ ಮಾತನ್ನು ಮಾತ್ರ ಪೂರ್ತಿ ಇಂಗ್ಲಿಷಿಗೆ ಅನುವಾದಿಸಿ, ಫೋಟೋ ಲಗತ್ತಿಸಿ, ಹೀಗೆ ಬರೆದಿದ್ದಾರೆ: ಬಳಸುವ ಕುಟುಂಬವೇ ಇದನ್ನು ಊಟವೆಂದು ತಿಳಿದು ದೇವರಿಗೆ ನೈವೇದ್ಯ ಮಾಡುತ್ತದೆ, ಔಷಧವನ್ನು ಯಾರೂ ನೈವೇದ್ಯ ಮಾಡುವುದಿಲ್ಲ ಎಂದು ಸಾಕ್ಷಿದಾರರೇ ಹೇಳಿದ್ದಾರೆ.

ಯಾವ ಅಳತೆಯನ್ನು ನಮ್ಮ ಬಲವೆಂದು ನಾನು ಬರೆದಿದ್ದೆನೋ ಅದನ್ನೇ ಹಿಡಿದಿದ್ದಾರೆ. ಮುಂಚಿತವಾಗಿ ಕೇಳಿಕೊಳ್ಳದಿದ್ದದ್ದು ನನ್ನ ತಪ್ಪು.

ಈಗ ಒಂದೇ ದಾರಿ ಕಾಣುತ್ತದೆ. ಲಗತ್ತಿಸಿದ ಅಫಿಡವಿಟ್ಟನ್ನು ಬೈಲಹೊಂಗಲದ ನೋಟರಿಯ ಮುಂದೆ ಸಹಿ ಮಾಡಿ ಕಳಿಸಿ. ಇಂಗ್ಲಿಷಿನಲ್ಲಿದೆ, ಆದ್ದರಿಂದ ಮುಖ್ಯವಾದ ಆರನೆಯ ಪರಿಚ್ಛೇದವನ್ನು ಕನ್ನಡದಲ್ಲಿ ಹೇಳುತ್ತೇನೆ. 'ನನ್ನ ಅತ್ತೆ ವೃದ್ಧರು. ಕೆಲವು ಕಾಲದಿಂದ ಅವರ ಬುದ್ಧಿ ಮಂಕಾಗಿದೆ. ಕೇಳಿದ್ದೊಂದು, ಹೇಳುವುದೊಂದು. ನೈವೇದ್ಯದ ಮಾತು ಅವರ ಭ್ರಮೆ. ಅಂದು ನಡೆದದ್ದು ಅವರ ಸಮಾಧಾನಕ್ಕಾಗಿ ಮಾತ್ರ. ಪುಡಿಯನ್ನು ನಮ್ಮ ಮನೆಯಲ್ಲಿ ಯಾವತ್ತೂ ಔಷಧವೆಂದೇ ಕೊಡುತ್ತೇವೆ.' ಇದು ಕಠಿಣವೆಂದು ನನಗೆ ಗೊತ್ತು. ಒಪ್ಪಿಗೆಯಿಲ್ಲದಿದ್ದರೆ ಹೇಳಿ. ಆದರೆ ಬೇರೆ ಉಪಾಯ ನನಗೆ ಹೊಳೆಯುತ್ತಿಲ್ಲ.

ಎಡೆಯನ್ನು ಇಂದಿನಿಂದಲೇ ನಿಲ್ಲಿಸಿ. ಗಡಿಯಾರ ನೋಡಿ, ಔಷಧದ ಲೋಟದಲ್ಲಿ, ನೀವೇ ಕೊಡಿ. ಮತ್ತೆ ಯಾರಾದರೂ ಬಂದು ನೋಡಿದರೆ ಅಫಿಡವಿಟ್ಟಿನಲ್ಲಿ ಇದ್ದದ್ದೇ ಮನೆಯಲ್ಲಿ ಕಾಣಬೇಕು.

ಕಲ್ಮೇಶ


ನೇಸರಗಿ
೨೨ ಜುಲೈ ೨೦೨೪

ವಕೀಲರಿಗೆ,

ಸಹಿ ಮಾಡಿದ ಅಫಿಡವಿಟ್ಟು ಇದರೊಂದಿಗಿದೆ. ಬೈಲಹೊಂಗಲದಲ್ಲಿ ನೋಟರಿಯವರು ಓದಿಕೊಂಡಿರಾ ಎಂದು ಕೇಳಿದರು. ಓದಿಕೊಂಡಿದ್ದೇನೆ ಎಂದೆ. ಅತ್ತೆಗೆ ಸೀರೆ ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೋಗಿದ್ದೆ. ಬರುವಾಗ ನಿಜವಾಗಿಯೂ ಒಂದು ಸೀರೆ ತರಬೇಕಾಯಿತು.

ಎಡೆ ನಿಲ್ಲಿಸಿದ್ದೇನೆ. ಬೆಳಗಾವಿಯ ಡಾಕ್ಟರರು ಕಂಚಿನ ಬಟ್ಟಲು ಬೇಡ ಅಂದಿದ್ದಾರೆ, ಇನ್ನು ಮೇಲೆ ನಾನೇ ಲೋಟದಲ್ಲಿ ಕೊಡಬೇಕಂತೆ ಎಂದು ಅತ್ತೆಗೆ ಹೇಳಿದೆ. ಅವರು, "ಬಟ್ಟಲಾ ಬ್ಯಾಡಂದ್ರ ಲೋಟಕ್ಕ ಎಡಿ ಹಿಡದ್ರಾತು," ಎಂದರು. ಅದೂ ಬೇಡವಂತೆ, ತಡವಾದರೆ ಪುಡಿ ಕೆಡುತ್ತದಂತೆ ಎಂದೆ. ಅವರು ಆಮೇಲೆ ಬಟ್ಟಲನ್ನು ಹುಣಸೆಹಣ್ಣಿನಿಂದ ತಿಕ್ಕಿ, ಒರೆಸಿ, ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದರು. ಮತ್ತೆ ಆ ಮಾತು ಎತ್ತಿಲ್ಲ.

ನಮ್ಮ ಯಜಮಾನರಿಗೆ ಅಫಿಡವಿಟ್ಟಿನ ವಿಷಯ ಹೇಳಿದ್ದೇನೆ, ಆರನೆಯ ಪರಿಚ್ಛೇದ ಹೇಳಿಲ್ಲ. ಅವರ ತಾಯಿ.

ಸವದತ್ತಿಯಲ್ಲಿ ಒಂದು ಮನೆಯವರ ಪುಡಿ ಮುಗಿದಿದೆ. ಭಾಗೀರಥಿ ತನ್ನ ಪಾಲಿನಲ್ಲಿ ಸ್ವಲ್ಪ ಕೊಟ್ಟಿದ್ದಾಳೆ. ಆಕೆಯ ಯಜಮಾನರು ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ಕೆಲಸ ಮಾಡುವುದರಿಂದ ಬಸ್ಸಿನವರ ಕೈಯಲ್ಲಿ ಮುನವಳ್ಳಿಯ ಮಾರ್ಗವಾಗಿ ಕಳಿಸುವುದು ಸುಲಭವಾಯಿತು. ಇನ್ನು ಎಷ್ಟು ದಿನ ಹೀಗೆ ಒಬ್ಬರ ಡಬ್ಬಿಯಿಂದ ಇನ್ನೊಬ್ಬರಿಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿಲ್ಲ.

ಮಧು ಚೆನ್ನಾಗಿದ್ದಾಳೆ.

ಅನ್ನಪೂರ್ಣಾ


ಮುಂಬೈ
೯ ಆಗಸ್ಟ್ ೨೦೨೪

ಶ್ರೀಮತಿ ಅನ್ನಪೂರ್ಣಾ ಅವರಿಗೆ,

ಮಂಗಳವಾರ ವಿಚಾರಣೆ ನಡೆಯಿತು. ಚೆನ್ನಾಗಿಯೇ ನಡೆಯಿತು ಎಂದು ಬರೆಯಬಲ್ಲೆ. ಅಫಿಡವಿಟ್ಟು ಓದಿದ ಮೇಲೆ ಪೀಠದ ಧಾಟಿ ಬದಲಾಯಿತು. ಒಬ್ಬ ನ್ಯಾಯಾಧೀಶರು ಇಲಾಖೆಯ ವಕೀಲರಿಗೆ, ಹಳ್ಳಿಯ ಮುದುಕಿಯೊಬ್ಬರ ಮಾತಿನ ಮೇಲೆ ಮಕ್ಕಳ ಡಬ್ಬಿ ತಡೆದಿದ್ದೀರಾ ಎಂದು ಕೇಳಿದರು. ಆ ಅಜ್ಜಿಗೆ ನಿಜವಾಗಿ ಮರೆವು ಇದೆಯೇ ಎಂದು ನನ್ನನ್ನು ಕೇಳಿದರು. ಇದೆ ಎಂದೆ.

ಈ ಸಲ ನಾನೇ ವಾದಿಸಿದೆ. ಹಿರಿಯರಿಗೆ ಬೇರೆ ನ್ಯಾಯಾಲಯದಲ್ಲಿ ಕೆಲಸವಿತ್ತು.

ಇನ್ನು ಒಂದು ಮಾತ್ರ ಬೇಕು. ಈ ಪುಡಿ ಹೊಟ್ಟೆ ತುಂಬಿಸುವುದಿಲ್ಲ, ಜಡ್ಡನ್ನು ಹಿಡಿದಿಡುತ್ತದೆ ಎಂದು ತೋರಿಸುವ ರಕ್ತದ ವರದಿ. ಜುಲೈ ತಿಂಗಳದ್ದಾದರೆ ಉತ್ತಮ. ಗಡಿಯಾರ ನೋಡಿ ಕೊಡಲು ಶುರು ಮಾಡಿದ ಮೇಲಿನದು. ಅಳತೆ ಇನ್ನೂ ಚೆನ್ನಾಗಿ ಬಂದಿರಬೇಕು. ಬೇಗ ಕಳಿಸಿ.

ಗೆಲ್ಲುತ್ತೇವೆ ಎಂದು ನನಗೆ ಮೊದಲ ಸಲ ಅನಿಸುತ್ತಿದೆ.

ಕಲ್ಮೇಶ


ನೇಸರಗಿ
೨೦ ಆಗಸ್ಟ್ ೨೦೨೪

ವಕೀಲರಿಗೆ,

ಏಪ್ರಿಲ್ ತಿಂಗಳ ವರದಿ ಕಳಿಸುತ್ತಿದ್ದೇನೆ. ಎಲ್ಲ ಅಳತೆಗಳೂ ಇರಬೇಕಾದಲ್ಲಿಯೇ ಇವೆ. ಜುಲೈ ವರದಿ ಸಿಗಲಿಲ್ಲ. ಮಳೆಯಲ್ಲಿ ಬಸ್ಸು ತಪ್ಪಿ ರಕ್ತ ಕೊಡಲು ತಡವಾಯಿತು.

ಇದರಿಂದಲೇ ಸಾಗುವಂತಿದ್ದರೆ ಸಾಗಿಸಿ. ಡಬ್ಬಿಗಳು ಎಂದು ಸಿಗಬಹುದು ಎಂಬುದನ್ನು ಮಾತ್ರ ಬರೆಯಿರಿ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಅನ್ನಪೂರ್ಣಾ


ಮುಂಬೈ
೧೪ ಸೆಪ್ಟೆಂಬರ್ ೨೦೨೪

ಶ್ರೀಮತಿ ಅನ್ನಪೂರ್ಣಾ ಅವರಿಗೆ,

ಬರೆಯಲು ತಡಮಾಡಿದೆ. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ಇಲಾಖೆಯವರು ನಮ್ಮ ಆರನೆಯ ಪರಿಚ್ಛೇದವನ್ನು ಒಪ್ಪಿಲ್ಲ. ಹೇಳಿಕೆ ಬರೆದುಕೊಂಡ ಅಧಿಕಾರಿಗಳು, ಆ ಹೆಣ್ಣುಮಗಳು ನಮ್ಮಿಬ್ಬರಿಗಿಂತ ಚುರುಕಾಗಿದ್ದರು ಎಂದು ಪ್ರಮಾಣ ಮಾಡಿದ್ದಾರೆ. ನಿಮ್ಮ ಅತ್ತೆಯ ಬುದ್ಧಿ ಮಂಕಾಗಿದೆಯೋ ಇಲ್ಲವೋ ನ್ಯಾಯಾಲಯವೇ ನೋಡಲಿ ಎಂದು ಇಲಾಖೆಯ ವಕೀಲರು ಕೇಳಿದರು. ಪೀಠ ಒಪ್ಪಿತು. ಬೈಲಹೊಂಗಲದ ಹಿರಿಯ ವಕೀಲರೊಬ್ಬರನ್ನು ಆಯುಕ್ತರನ್ನಾಗಿ ನೇಮಿಸಿದೆ. ಅವರು ಒಬ್ಬ ವೈದ್ಯರೊಂದಿಗೆ ಸೆಪ್ಟೆಂಬರ್ ೩೦, ಸೋಮವಾರ, ನಿಮ್ಮ ಮನೆಗೆ ಬಂದು ನಿಮ್ಮ ಅತ್ತೆಯನ್ನು ಕಂಡು ವರದಿ ಕೊಡುತ್ತಾರೆ. ನೋಟೀಸು ಅವರ ಹೆಸರಿಗೇ ಬರುತ್ತದೆ.

ಇನ್ನೊಂದು ವಿಷಯವನ್ನು ನಿಮಗೆ ಹೇಳದೆ ಇಟ್ಟಿದ್ದೆ. ನನ್ನ ಹಿರಿಯರಿಗೆ ಅಂದು ಬೇರೆ ನ್ಯಾಯಾಲಯದಲ್ಲಿ ಕೆಲಸವಿರಲಿಲ್ಲ. ಅಫಿಡವಿಟ್ಟು ಓದಿ ಅವರು ನನ್ನನ್ನು, ಇದು ನಿಜವೋ ಎಂದು ಕೇಳಿದರು. ಸಹಿ ಮಾಡಿ ಕಳಿಸಿದ್ದಾರೆ ಎಂದಷ್ಟೇ ಹೇಳಿದೆ. ಅವರು ಕಾಗದಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, ಇನ್ನು ನೀವೇ ನೋಡಿಕೊಳ್ಳಿ ಎಂದರು. ಪೀಠ ಕೇಳಿದಾಗ ಮರೆವು ಇದೆ ಎಂದು ಹೇಳಿದವನು ನಾನು. ನಿಮ್ಮ ಅತ್ತೆಯನ್ನು ನಾನು ಕಂಡೇ ಇಲ್ಲ.

ಈಗ ಆ ಪರಿಚ್ಛೇದವನ್ನು ಹಿಂತೆಗೆದುಕೊಂಡರೆ ಅರ್ಜಿಯ ಉಳಿದ ಯಾವ ಮಾತನ್ನೂ ನ್ಯಾಯಾಲಯ ನಂಬಲಿಕ್ಕಿಲ್ಲ. ಸುಳ್ಳು ಪ್ರಮಾಣಕ್ಕಾಗಿ ನಿಮ್ಮ ಮೇಲೆ ಕ್ರಮ ಕೇಳಬಹುದು. ನನ್ನ ಮೇಲೂ. ಡಬ್ಬಿಗಳ ಅವಧಿ ಡಿಸೆಂಬರಿಗೆ ಮುಗಿಯುತ್ತದೆ.

ಸೋಮವಾರ ನಿಮ್ಮ ಅತ್ತೆ ಹೆಚ್ಚು ಮಾತಾಡದಿದ್ದರೆ ಸಾಕು. ಇದಕ್ಕಿಂತ ಸ್ಪಷ್ಟವಾಗಿ ನಾನು ಬರೆಯಲಾರೆ. ಜುಲೈ ವರದಿ ಈಗಲಾದರೂ ಸಿಕ್ಕಿದೆಯೇ?

ಕಲ್ಮೇಶ


ನೇಸರಗಿ
೨೮ ಸೆಪ್ಟೆಂಬರ್ ೨೦೨೪

ವಕೀಲರಿಗೆ ನಮಸ್ಕಾರಗಳು.

ಜುಲೈ ವರದಿ ಮತ್ತು ಸೆಪ್ಟೆಂಬರ್ ಮೊದಲ ವಾರದ ವರದಿ, ಎರಡೂ ಇದರೊಂದಿಗಿವೆ. ಬಸ್ಸು ತಪ್ಪಿರಲಿಲ್ಲ. ಜುಲೈ ವರದಿ ಜುಲೈಯಲ್ಲೇ ನನ್ನ ಕೈಯಲ್ಲಿತ್ತು.

ಎಡೆ ನಿಲ್ಲಿಸಿದ ದಿನ ಮಧು ಲೋಟ ನೋಡಿ, "ಅಜ್ಜಿ ಎಲ್ಲಿ?" ಎಂದು ಕೇಳಿದಳು. ಇನ್ನು ಮೇಲೆ ಅವ್ವ ಕೊಡುತ್ತಾಳೆ ಎಂದೆ. "ಇದು ಔಷಧ ಏನು?" ಎಂದಳು. ನೀವು ಬರೆದದ್ದು ನೆನಪಿತ್ತು, ಯಾರಾದರೂ ಬಂದು ಕೇಳಬಹುದು. ಹೌದು ಎಂದೆ. "ನನಗೇನ ಜಡ್ಡಾಗೈತಿ?" ಎಂದಳು. ಕುಡಿ ಎಂದು ಲೋಟ ಅವಳ ಬಾಯಿಗೆ ಹಿಡಿದೆ. ಅಂದು ಅರ್ಧ ಕುಡಿದಳು. ಆಮೇಲಾಮೇಲೆ ಬಾಯಿಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉ‌ಗುಳುತ್ತಿದ್ದಳು. ಮೂಗು ಹಿಡಿದೆ, ಹೊಡೆದೆ. ವಾಂತಿ ಮಾಡಿದಳು. ಲೋಟದ ತಳದಲ್ಲಿ ಪುಡಿ ಉಳಿಯುತ್ತಿತ್ತು. ಅದನ್ನು ತೊಳೆದು ಕುಡಿಯಲು ಅವಳಿಗೆ ಕಾರಣವಿರಲಿಲ್ಲ. ಹಸಿವಾಗಿ ನೆರೆಮನೆಯಲ್ಲಿ ಬೇಳೆ ಹೋಳಿಗೆ ತಿಂದು ಬಂದದ್ದು ಆಮೇಲೆ ಗೊತ್ತಾಯಿತು.

ಆಗಸ್ಟಿನಲ್ಲಿ ಸಾಲೆಯಲ್ಲಿ ಕಲಿಸುವ ಬಾಯಿಯವರು ಕರೆದು, ಬರುತ್ತಿದ್ದ ಮಗ್ಗಿ ಈಗ ಬರುತ್ತಿಲ್ಲ ಎಂದರು. ಅಕ್ಷರ ಬರೆಯುವಾಗ ಕೈ ನಡುಗುತ್ತದೆ. ಬುದ್ಧಿ ಮಂಕಾಗಿದೆ ಎಂದು ನಾವು ಪ್ರಮಾಣ ಮಾಡಿದ್ದು ಅಜ್ಜಿಯ ಬಗ್ಗೆ. ಮರೆಯಲು ಶುರು ಮಾಡಿದವಳು ಮಧು. ನೀವು ಗೆಲ್ಲುತ್ತೇವೆ ಎಂದು ಬರೆದ ಕಾಗದ ಬಂದಾಗ ನನ್ನ ಕೈಯಲ್ಲಿದ್ದದ್ದು ಈ ಜುಲೈ ವರದಿ. ಕಳಿಸಿದರೆ ಡಬ್ಬಿ ಬರುವುದಿಲ್ಲವೆಂದು ಬಚ್ಚಿಟ್ಟೆ.

ಈಗ ಅತ್ತೆಯ ವಿಷಯ. ನೋಟೀಸು ಗುರುವಾರ ಬಂತು. ತಂದವರು ಅಂಗಡಿಯ ಕಟ್ಟೆಯ ಮೇಲೆ ನಿಂತು, ಚನ್ನವ್ವ ಅನ್ನುವವರು ಯಾರು ಎಂದು ಕೇಳಿ, ಕನ್ನಡದಲ್ಲಿ ಓದಿ ಹೇಳಿ ಹೋದರು. ಅತ್ತೆ ಒಳಗೆ ಬಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

"ಯಾರ ಹೇಳ್ಯಾರ, ನನ್ನ ಬುದ್ಧಿ ಮಂಕಾಗೈತಿ ಅಂತ?"

"ನಾನ್ರೀ ಅತ್ತಿ," ಎಂದೆ.

ಅವರು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ಆ ಕೆಲಸಕ್ಕೇ ಮತ್ತೆ ಕುಳಿತರು. ಅದನ್ನು ಮುಗಿಸಿದರು. ಆಮೇಲೆ ಕೇಳಿದರು: "ಹಿಂಗ ಬರದ್ರ ಹುಡುಗಿಗೆ ಪುಡಿ ಬರತೈತೇನು?"

"ಬರಬಹುದು ಅಂತಾರ್ರಿ."

"ಹಂಗಾರ ಬರ್ಲಿ ತಗೋ. ಬಂದವರ ಮುಂದ ನನ್ನ ಹೆಸರ ಮರೀತೇನಿ. ನಿನ್ನ ಗಂಡಗ, ಯಾರಪಾ ನೀ, ಯಾವೂರಾಂವ ಅಂತೇನಿ. ಆದ್ರ ಎಡಿ ಹಿಡದಿಲ್ಲ ಅಂತ ಮಾತ್ರ ನನ್ನ ಬಾಯಿಂದ ಬರೂದಿಲ್ಲ. ಅದನ್ನ ಕೇಳಬ್ಯಾಡ."

ನನಗೆ ಅಳು ಬಂತು. ಅವರು ಅಳಲಿಲ್ಲ. ಎದ್ದು ಹಲಗೆಯ ಮೇಲಿನ ಬಟ್ಟಲು ತೆಗೆದು, ತೊಳೆದು, ಪುಡಿ ತೂಗಿಕೊಡು ಎಂದರು. ಅಂದು ಸಂಜೆಯಿಂದ ಮಧು ಮೊದಲಿನಂತೆ ಕುಡಿಯುತ್ತಿದ್ದಾಳೆ. ಬಟ್ಟಲು ತೊಳೆದ ನೀರನ್ನೂ.

ಇಲ್ಲಿಗೆ ನಿಂತಿದ್ದರೆ ನಾನು ನೀವು ಹೇಳಿದಂತೆಯೇ ಮಾಡುತ್ತಿದ್ದೆ. ಸೋಮವಾರ ಅತ್ತೆ ಹುಚ್ಚಿಯಂತೆ ಕೂರಲಿ, ಡಬ್ಬಿ ಬರಲಿ, ಬಾಗಿಲು ಹಾಕಿಕೊಂಡು ಎಡೆ ಹಿಡಿಯಲಿ ಎಂದು ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ನಿನ್ನೆ ಅತ್ತೆ ಅಭ್ಯಾಸ ಮಾಡಲು ಶುರು ಮಾಡಿದರು. ಮೊದಲು ನಮ್ಮ ಯಜಮಾನರ ಮೇಲೆ ಮಾಡಿದರು. ಇವರು ಎದ್ದು ಅಂಗಡಿಗೆ ಹೋದರು. ಆಮೇಲೆ ಮಧು ಸಾಲೆಯಿಂದ ಬಂದಳು. ಆಟವೆಂದುಕೊಂಡು ಅವಳ ಗದ್ದ ಹಿಡಿದು, "ನೀ ಯಾರವಾ? ಯಾರ ಮಗಳ ನೀ?" ಎಂದು ಕೇಳಿದರು. ಮಧು ನಗಲಿಲ್ಲ. ಅಜ್ಜಿಯ ಪಕ್ಕಕ್ಕೆ ಕುಳಿತು, ಅವರ ಕೈ ಹಿಡಿದುಕೊಂಡಳು.

"ಹೆದರಬ್ಯಾಡ ಅಜ್ಜಿ," ಎಂದಳು. "ನನಗೂ ಸಾಲ್ಯಾಗ ಹಿಂಗ ಆಗತೈತಿ."

ಅತ್ತೆ ಅಂದು ಮತ್ತೆ ಅಭ್ಯಾಸ ಮಾಡಲಿಲ್ಲ.

ರಾತ್ರಿಯೆಲ್ಲ ಒಂದೇ ಲೆಕ್ಕ ಹಾಕಿದೆ. ಸೋಮವಾರ ಆಯುಕ್ತರು ಇರುವಾಗಲೇ ಮಧು ಸಾಲೆಯಿಂದ ಬರುತ್ತಾಳೆ. ವೈದ್ಯರು ಅಜ್ಜಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಬರೆದುಕೊಳ್ಳುವುದನ್ನು, ಅವ್ವ ಪಕ್ಕದಲ್ಲಿ ನಿಂತು ಹೌದೆನ್ನುವುದನ್ನು ನೋಡುತ್ತಾಳೆ. ಮಂಗಳವಾರ ಅದೇ ಅಜ್ಜಿ ಅದೇ ಬಟ್ಟಲು ಹಿಡಿದು ಬಂದರೆ ಅವಳು ಯಾವ ನಂಬಿಕೆಯ ಮೇಲೆ ಕುಡಿಯಬೇಕು? ಡಬ್ಬಿ ಬಂದರಿನಲ್ಲಿ ಕೂತರೂ ಒಂದೇ, ನಮ್ಮ ಹಲಗೆಯ ಮೇಲೆ ಕೂತರೂ ಒಂದೇ, ಅವಳು ಕುಡಿಯದಿದ್ದರೆ. ಅದನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ನಾನು ಕಣ್ಣಾರೆ ನೋಡಿದ್ದೇನೆ.

ನೀವು ಕೇಳಿದ ವರದಿಯ ಬಗ್ಗೆ ಒಂದು ಮಾತು. ಏಪ್ರಿಲ್ ತಿಂಗಳದ್ದು ಪುಡಿ ಕುಡಿದಾಗಿನದು. ಇವು ಕುಡಿಯದಾಗಿನವು. ಈ ಪುಡಿ ಜಡ್ಡನ್ನು ಹಿಡಿದಿಡುತ್ತದೆ ಎಂದು ತೋರಿಸಬೇಕು ಎಂದಿದ್ದಿರಿ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಆದರೆ ಹಾಗೆ ಇಡಬೇಕಾದರೆ ನಡುವೆ ಏನಾಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ನ್ಯಾಯಾಲಯದಲ್ಲಿ ಇದು ನಡೆಯುತ್ತದೆಯೋ ಇಲ್ಲವೋ ನನಗೆ ತಿಳಿಯದು. ಇದನ್ನು ಪುರಾವೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಇವು ಮಧುವಿನ ರಕ್ತದ ಕಾಗದಗಳು. ಬೇಕಾದರೆ ಬಳಸಿ.

ನಿಮ್ಮ ಮೇಲೆ ಏನು ಬರುತ್ತದೆ ಎಂದು ನೀವು ಬರೆದಿದ್ದೀರಿ. ಮರೆತಿಲ್ಲ. ಪರಿಚ್ಛೇದ ಬರೆದವರು ನೀವಾದರೂ ಒಪ್ಪಿಗೆಯಿಲ್ಲದಿದ್ದರೆ ಹೇಳಿ ಎಂದೂ ಬರೆದಿದ್ದಿರಿ. ಓದಿಕೊಂಡು ಸಹಿ ಮಾಡಿದವಳು ನಾನು. ಹಾಗೆಂದೇ ಹೇಳುತ್ತೇನೆ. ಭಾಗೀರಥಿಗೆ, ಸವದತ್ತಿಯವರಿಗೆ, ಕಿತ್ತೂರಿನವರಿಗೆ ಏನು ಹೇಳಬೇಕು ಎಂಬುದು ಇನ್ನೂ ಹೊಳೆದಿಲ್ಲ. ಅವರ ಮಕ್ಕಳ ಡಬ್ಬಿಗಳೂ ಅಲ್ಲಿಯೇ ಇವೆ. ಅವರನ್ನು ಕೇಳದೆ ಮಾಡುತ್ತಿದ್ದೇನೆ. ಕೇಳಿದರೆ ಮಾಡಲಾರೆ.

ಸೋಮವಾರ ಆಯುಕ್ತರು ಬಂದು ಕುಳಿತ ಕೂಡಲೇ, ಅತ್ತೆಯನ್ನು ಏನಾದರೂ ಕೇಳುವ ಮೊದಲು ನಾನು ಮಾತಾಡುತ್ತೇನೆ. ಆರನೆಯ ಪರಿಚ್ಛೇದ ಸುಳ್ಳು, ಅವರ ಬುದ್ಧಿ ನೆಟ್ಟಗಿದೆ, ಎಡೆ ಹಿಡಿಯುತ್ತೇವೆ, ನಿಲ್ಲಿಸಿದ್ದಕ್ಕೆ ಹೀಗಾಯಿತು ಎಂದು ಬರೆಸಿ ಸಹಿ ಮಾಡುತ್ತೇನೆ. ಈ ಕಾಗದ ನಿಮ್ಮ ಕೈಗೆ ಬರುವಾಗ ಅದು ಮುಗಿದಿರುತ್ತದೆ. ನೀವು ಫೋನ್ ಮಾಡಿ ತಡೆಯಬಾರದೆಂದೇ ಅಂಚೆಗೆ ಹಾಕುತ್ತಿದ್ದೇನೆ.

ಇವರಿಗೂ ಅತ್ತೆಗೂ ಇನ್ನೂ ಹೇಳಿಲ್ಲ. ಸೋಮವಾರ ಯಾವ ಸೀರೆ ಉಡಲಿ ಎಂದು ಅತ್ತೆ ಒಳಗಿನಿಂದ ಕೇಳುತ್ತಿದ್ದಾರೆ. ಹುಚ್ಚಿಗೆ ಯಾವುದಾದ್ರೇನ ಎಂದು ತಾವೇ ನಗುತ್ತಿದ್ದಾರೆ. ಒಳ್ಳೆಯದನ್ನೇ ಉಡಿರಿ ಎಂದಿದ್ದೇನೆ.

ಅನ್ನಪೂರ್ಣಾ